ಮೊದಲು ನಡೆಯಬೇಕಾದವನು

ಟೈಲ್ಸ್ ಹಾಕುವವರಲ್ಲಿ ಅವನಷ್ಟು ನಿಧಾನದ ಮನುಷ್ಯ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಬೇರೆಯವರು ಎರಡು ದಿನದಲ್ಲಿ ಮುಗಿಸುವ ಕೋಣೆಗೆ ಅವನಿಗೆ ನಾಲ್ಕು ದಿನ ಬೇಕು. ಒಂದೊಂದು ಟೈಲ್ಸನ್ನೂ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ನಾಲ್ಕೂ ಮೂಲೆ ತಟ್ಟಿ, ನೆಲಕ್ಕೆ ಕಿವಿ ಕೊಟ್ಟು, ಕೆಳಗೆ ಟೊಳ್ಳಿಲ್ಲ ಎಂದು ಖಾತರಿಯಾದ ಮೇಲೆಯೇ ಮುಂದಕ್ಕೆ ಸರಿಯುತ್ತಿದ್ದ. ಮನೆ ಕಟ್ಟಿಸುವವರು ಮೊದಮೊದಲು ತಲೆ ಚಚ್ಚಿಕೊಂಡರು. ಎಷ್ಟು ವರ್ಷವಾದರೂ ಅವನು ಹಾಕಿದ ನೆಲದಲ್ಲಿ ಒಂದು ಟೈಲ್ಸೂ ಅಲುಗುವುದಿಲ್ಲ ಎಂದು ಗೊತ್ತಾದ ಮೇಲೆ ಅವರೇ ಹುಡುಕಿಕೊಂಡು ಬರತೊಡಗಿದರು. ಸೈನ್ಯದಲ್ಲಿದ್ದಾಗ ಜೊತೆಗಾರರು ಅವನನ್ನು ನಿಧಾನಪ್ಪ ಎನ್ನುತ್ತಿದ್ದರು. ಅದನ್ನು ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಇಲ್ಲೂ ಅದೇ ಹೆಸರು ಅಂಟಿಕೊಂಡಿತು.

ಸೈನ್ಯದಲ್ಲಿ ಅವನ ಕೆಲಸ ನೆಲಬಾಂಬು ಹುಡುಕಿ ತೆಗೆಯುವುದು. ಹೊಟ್ಟೆಯ ಮೇಲೆ ಮಲಗಿ, ಗೇಣುದ್ದದ ಸಲಾಕೆಯನ್ನು ಮಣ್ಣಿಗೆ ಓರೆಯಾಗಿ ಚುಚ್ಚಿ, ಎರಡು ಬೆರಳು ಜಾಗ ಬಿಟ್ಟು ಮತ್ತೆ ಚುಚ್ಚಿ, ಹೀಗೆ ಒಂದು ಮಾರು ದಾರಿ ಮಾಡುವುದಕ್ಕೆ ಗಂಟೆ ಹಿಡಿಯುತ್ತಿತ್ತು. ಅಲ್ಲಿ ನಿಧಾನಪ್ಪ ಎನ್ನುವುದು ಬೈಗುಳವಲ್ಲ, ಬಿರುದು. ಆ ತುಕಡಿಯಲ್ಲಿ ಒಂದು ಕಟ್ಟುಪಾಡಿತ್ತು. ಯಾರು ದಾರಿಯನ್ನು ಚೊಕ್ಕ ಮಾಡಿ ‘ಇಲ್ಲಿ ಏನೂ ಇಲ್ಲ’ ಎಂದು ಸಹಿ ಹಾಕುತ್ತಾನೋ ಅವನೇ ಅದರ ಮೇಲೆ ಮೊದಲು ನಡೆದು ತೋರಿಸಬೇಕು, ಉಳಿದವರು ಆಮೇಲೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟ ನಿಯಮಗಳನ್ನು ಎಲ್ಲರೂ ಒಂದಲ್ಲ ಒಂದು ದಿನ ಮುರಿದವರೇ. ಇದನ್ನು ಮುರಿದದ್ದು ಮಾತ್ರ ಒಂದೇ ಸಲ, ಆ ಮಾತು ಆಮೇಲೆ ಬರುತ್ತದೆ.

ಮಗಳಿಗೂ ಅವನು ಅದನ್ನೇ ಕಲಿಸಿದ್ದ. ಕೆಲಸ ಮುಗಿದ ಮನೆಗೆ ರಜೆಯ ದಿನ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಬಾಗಿಲಲ್ಲಿ ನಿಲ್ಲಿಸಿ, ‘ಹಾಕಿದವನೇ ಮೊದಲು ನಡೀಬೇಕು’ ಎಂದು ಹೇಳಿ, ಈ ಗೋಡೆಯಿಂದ ಆ ಗೋಡೆಗೆ ನಡೆದು, ತಿರುಗಿ ‘ಬಾ’ ಎನ್ನುತ್ತಿದ್ದ. ಅವಳು ಒಂದು ಕಾಲಲ್ಲಿ ಕುಪ್ಪಳಿಸುತ್ತ ಬರುತ್ತಿದ್ದಳು. ಅವಳಿಗೆ ಅದು ಆಟ. ಆ ನಿಯಮ ಎಲ್ಲಿಂದ ಬಂತು ಎಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಸೈನ್ಯ ಬಿಟ್ಟು ಹನ್ನೆರಡು ವರ್ಷವಾಗಿತ್ತು, ಮದುವೆಯಾಗಿ ಒಂಬತ್ತು. ಅಷ್ಟೂ ವರ್ಷ ಅವನು ಬಾಯಿಗೆ ಬೀಗ ಹಾಕಿಕೊಂಡೇ ಸಂಸಾರ ಮಾಡಿದ್ದ.

ಮಗಳಿಗೆ ಏಳು ತುಂಬಿದ ದಿನ ಆ ಬೀಗ ಇನ್ನೊಂದು ಕಡೆಯಿಂದ ಕಿತ್ತುಬಂತು. ಹುಟ್ಟುಹಬ್ಬಕ್ಕೆ ಹತ್ತು ಮಕ್ಕಳು ಬಂದಿದ್ದರು. ಯಾರೋ ಅವನ ಬೆನ್ನ ಹಿಂದೆ ಬೆಲೂನು ಒಡೆದರು, ಅಷ್ಟೆ. ಮರುಕ್ಷಣ ಅವನು ಮಗಳನ್ನು ನೆಲಕ್ಕೆ ಕೆಡವಿ ಅವಳ ಮೇಲೆ ಬಿದ್ದಿದ್ದ. ಅವಳು ಕೂಗುತ್ತಿದ್ದಳು, ಅವನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದ. ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಇನ್ನಿಬ್ಬರನ್ನು ಸೇರಿಸಿಕೊಂಡು ಅವನನ್ನು ಎಳೆದು ಬಿಡಿಸಬೇಕಾಯಿತು. ಮಗಳ ಹೆಗಲ ಮುಂದಿನ ಮೂಳೆ ಮುರಿದಿತ್ತು. “ಅಪ್ಪ ನನ್ನನ್ನ ಕಾಪಾಡೋಕೆ ಬಿದ್ರು,” ಎಂದು ಅವಳು ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕೂಗಾಡುವ ಜಾತಿಯ ಹೆಂಗಸಲ್ಲ. ಮರುದಿನ ಎರಡು ಚೀಲ ತುಂಬಿಕೊಂಡು, ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟು ನಿಂತಳು.

“ನೀವು ಬೇಕು ಅಂತ ಮಾಡಿಲ್ಲ, ನನಗೆ ಗೊತ್ತು,” ಎಂದಳು. “ಆದ್ರೆ ಒಳಗೆ ಏನೋ ಇದೆ. ಅದು ಏನು ಅಂತ ನೀವೂ ಹೇಳಲ್ಲ, ನನಗೂ ಕಾಣಲ್ಲ. ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ಳಿ. ಏನೂ ಇಲ್ಲ ಅಂತ ಅವರು ಬರೆದುಕೊಟ್ರೆ ವಾಪಸ್ ಬರ್ತೀನಿ. ಇದೆ ಅಂದ್ರೆ ಮೊದಲು ವಾಸಿ ಮಾಡ್ಕೊಳ್ಳಿ. ಎಷ್ಟು ದಿನ ಆದ್ರೂ ನಾನು ಕಾಯ್ತೀನಿ.”

ಈ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಏನೂ ಇಲ್ಲ ಎಂದು ಬರೆದುಕೊಟ್ಟರೆ ಮಗಳು ಮನೆಗೆ ಬರುತ್ತಾಳೆ. ಉಳಿದರ್ಧವನ್ನು ಅವನು ಗಾಳಿಗೆ ಬಿಟ್ಟ.

ಎರಡು ತಿಂಗಳು ಹಾಗೂ ಹೀಗೂ ದೂಡಿದ. ಮಗಳ ಮೂಳೆ ಕೂಡಿಕೊಂಡಿತು. ಮನೆಯಲ್ಲಿ ಅವಳ ಚಪ್ಪಲಿ ಬಾಗಿಲ ಹಿಂದೆ ಬಿದ್ದಿತ್ತು, ಅದನ್ನು ಎತ್ತಿಡಲು ಅವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ಮಾಜಿ ಸೈನಿಕರ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಹೋಗಿ ಕುಳಿತ.

ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಫಿರಂಗಿ ದಳದ ಮುದುಕನೊಬ್ಬ ಕುಳಿತಿದ್ದ. ಎರಡೂ ಕಿವಿಗೆ ಯಂತ್ರ. ತನಗೆ ಕೇಳುವುದಿಲ್ಲವೆಂದು ಇಡೀ ಕಾರಿಡಾರಿಗೆ ಕೇಳುವಂತೆ ಮಾತಾಡುತ್ತಿದ್ದ.

“ಮುಂಚೆ ಇಲ್ಲಿ ಕಾಗದದಲ್ಲಿ ಪ್ರಶ್ನೆ ಕೇಳೋರು. ಎಲ್ಲರಿಗೂ ಅದೇ ಪ್ರಶ್ನೆ. ಮೊದಲು ಹೋದವನು ಹೊರಗೆ ಬಂದು ಒದರಿಬಿಡ್ತಿದ್ದ, ನಾವು ಹಾಗೇ ಬರೆದುಬಿಡ್ತಿದ್ವಿ. ಈಗಿನ ಕಂಪ್ಯೂಟರು ಕಿಲಾಡಿ ಕಣಪ್ಪ. ನಿನಗೊಂದು ಕೇಳುತ್ತೆ, ನನಗೊಂದು ಕೇಳುತ್ತೆ.”

“ನಿಮಗೆಷ್ಟು ಕೇಳ್ತು ಅಜ್ಜ?” ಎಂದ ನಿಧಾನಪ್ಪ.

“ಹತ್ತೊಂಬತ್ತು. ನಮ್ಮ ಮಾವ ಹೆಣ್ಣು ಕೊಡೋವಾಗ ಕೂಡ ಇಷ್ಟು ಕೇಳಿರ್ಲಿಲ್ಲ.”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಿಧಾನಪ್ಪನೂ ನಕ್ಕ. ನಗುವಾಗ ಅವನ ಕಣ್ಣು ಮೂಲೆಯಲ್ಲಿ ಯಾರೋ ಬಿಟ್ಟುಹೋದ ಚೀಲದ ಮೇಲಿತ್ತು. ಒಬ್ಬ ಹೆಂಗಸು ಬಂದು ಅದನ್ನು ಎತ್ತಿಕೊಂಡು ಹೋಗುವವರೆಗೂ ಅಲ್ಲೇ ಇತ್ತು.

ಒಳಗಿನ ಕೋಣೆ ಸಣ್ಣದು. ಒಂದು ಮೇಜು, ಎರಡು ಕುರ್ಚಿ, ಪರದೆ ಎಳೆದ ಕಿಟಕಿ. ನೆಲದ ಟೈಲ್ಸಿನಲ್ಲಿ ಬಾಗಿಲ ಹತ್ತಿರದ್ದು ಟೊಳ್ಳು ಎಂದು ಕಾಲಿಟ್ಟೊಡನೆ ಅವನಿಗೆ ತಿಳಿಯಿತು. ನಡುವಯಸ್ಸಿನ ನರ್ಸ್ ಒಬ್ಬರು ಅವನ ಮುಂದೆ ಸಿಲೇಟಿನ ಹಾಗಿದ್ದ ಕಂಪ್ಯೂಟರನ್ನು ಇಟ್ಟರು.

“ಇದರಲ್ಲಿ ನೂರಾರು ಪ್ರಶ್ನೆ ಇವೆ, ಎಲ್ಲವನ್ನೂ ಕೇಳಲ್ಲ,” ಎಂದರು. “ನೀವು ಏನು ಉತ್ತರ ಕೊಡ್ತೀರೋ ಅದನ್ನ ನೋಡಿ ಮುಂದಿನ ಪ್ರಶ್ನೆ ಆರಿಸ್ಕೊಳ್ಳುತ್ತೆ. ತೊಂದರೆ ಇದೆಯೋ ಇಲ್ವೋ, ಎಷ್ಟಿದೆ ಅಂತ ತನಗೆ ಖಚಿತ ಆದ ತಕ್ಷಣ ನಿಲ್ಲಿಸಿಬಿಡುತ್ತೆ. ಸರಿ ಉತ್ತರ ತಪ್ಪು ಉತ್ತರ ಅಂತ ಏನಿಲ್ಲ. ಇದ್ದದ್ದು ಇದ್ದ ಹಾಗೆ ಒತ್ತಿ.”

“ಆಗಲಿ ಸಿಸ್ಟರ್,” ಎಂದ ಅವನು.

ಮೊದಲ ಪ್ರಶ್ನೆ ಬಂತು. ‘ಕಳೆದ ಎರಡು ವಾರಗಳಲ್ಲಿ, ಬೇಡವೆಂದರೂ ಹಳೆಯ ಘಟನೆಯ ನೆನಪು ನಿಮ್ಮನ್ನು ಕಾಡಿದೆಯೇ?’ ಕೆಳಗೆ ಐದು ಚೌಕ. ‘ಇಲ್ಲವೇ ಇಲ್ಲ’ದಿಂದ ಹಿಡಿದು ‘ಬಹಳ ಹೆಚ್ಚು’ವರೆಗೆ. ಅವನು ‘ಸ್ವಲ್ಪ’ ಎಂಬುದನ್ನು ಒತ್ತಿದ. ಎಲ್ಲಕ್ಕೂ ಇಲ್ಲವೇ ಇಲ್ಲ ಎಂದರೆ ಅನುಮಾನ ಬರುತ್ತದೆ. ಒಂದು ಮೊಳೆ, ಒಂದು ತಗಡಿನ ಚೂರೂ ಸಿಗದ ನೆಲವನ್ನು ಕಂಡಾಗಲೇ ಅವನಿಗೆ ಹೆಚ್ಚು ಭಯವಾಗುತ್ತಿತ್ತು. ಯಾರೋ ಕೈಯಾಡಿಸಿ ಹೋಗಿದ್ದಾರೆ ಎಂದೇ ಅದರರ್ಥ.

ಎರಡನೆಯದು ಬಂತು. ‘ಆ ಘಟನೆ ಈಗಲೇ, ಇಲ್ಲೇ ಮತ್ತೆ ನಡೆಯುತ್ತಿದೆ ಎನ್ನಿಸಿದೆಯೇ?’

ಅವನು ಕಂಪ್ಯೂಟರಿನ ಪರದೆಯನ್ನೇ ನೋಡಿದ. ಆಹಾ ಎಂದುಕೊಂಡ. ಇದು ಅವನಿಗೆ ಗೊತ್ತಿದ್ದ ಕೆಲಸ. ಸಲಾಕೆಗೆ ಏನೋ ತಗುಲಿದಂತಾಯಿತು, ಅದಕ್ಕೇ ಎರಡು ಬೆರಳು ಹತ್ತಿರ ಬಂದು ಮತ್ತೆ ಚುಚ್ಚುತ್ತಿದೆ. ಏನು ಸಿಕ್ಕಿದರೆ ಎತ್ತ ತಿರುಗುತ್ತದೆ, ಏನೂ ಸಿಗದಿದ್ದರೆ ಎತ್ತ ಸರಿಯುತ್ತದೆ ಎಂಬುದೆಲ್ಲ ಅವನ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿತ್ತು. ಹುಡುಕುವವನ ಮನಸ್ಸು ಗೊತ್ತಿದ್ದರೆ ಹೂತಿಡುವುದು ಏನು ಮಹಾ. ‘ಇಲ್ಲವೇ ಇಲ್ಲ’ ಎಂದು ಒತ್ತಿದ. ಯಂತ್ರ ಅಲ್ಲಿಂದ ಸರಿದು ನಿದ್ದೆಯ ಕಡೆಗೆ ಹೋಯಿತು. ನಿದ್ದೆ ಸ್ವಲ್ಪ ಕಡಿಮೆ ಎಂದ. ಊರಲ್ಲಿ ಯಾರಿಗೆ ಕಡಿಮೆಯಿಲ್ಲ? ಕೆಟ್ಟ ಕನಸೇ ಎಂದಿತು. ಇಲ್ಲ ಎಂದ. ದಿಢೀರ್ ಸದ್ದಿಗೆ ಬೆಚ್ಚುತ್ತೀರಾ ಎಂದಿತು. ಇಲ್ಲ. ಸಿಟ್ಟೇ? ಸ್ವಲ್ಪ. ಸಿಟ್ಟಿನಲ್ಲಿ ಮನೆಯವರಿಗೆ ನೋವಾಗುವಂಥದ್ದೇನಾದರೂ? ಇಲ್ಲವೇ ಇಲ್ಲ. ಪಾತಾಳಗರಡಿ ಹಾಕಿ ಹುಡುಕುತ್ತಿದ್ದ ಆ ಯಂತ್ರದ ಮೇಲೆ ಅವನಿಗೆ ಒಂದು ಬಗೆಯ ಅಕ್ಕರೆಯೂ ಹುಟ್ಟಿತು. ಪಾಪ, ಒಳ್ಳೆ ಕೆಲಸಗಾರ. ಎದುರಿಗೆ ಸಿಕ್ಕಿದವನು ಮಾತ್ರ ಅದಕ್ಕಿಂತ ಹಳಬ.

ಒಂಬತ್ತನೆಯ ಪ್ರಶ್ನೆ ಹೀಗಿತ್ತು. ‘ಆಗಿಹೋದದ್ದಕ್ಕೆ ನಿಮ್ಮನ್ನು ನೀವೇ ದೂಷಿಸಿಕೊಳ್ಳುತ್ತಿದ್ದೀರಾ?’

ಅವನ ಬೆರಳು ಗಾಳಿಯಲ್ಲೇ ನಿಂತಿತು.

ಬಾವಿಯಿಂದ ಶಾಲೆಗೆ ಹೋಗುವ ಕಾಲುದಾರಿ ಅದು. ನಾಲ್ಕು ದಿನ ಅದರ ಮೇಲೆ ಅವನು ಹೊಟ್ಟೆ ಎಳೆದಿದ್ದ. ಜೊತೆಗೆ ಅವನ ಗೆಳೆಯ. ತುಕಡಿಯಲ್ಲೆಲ್ಲ ಉದ್ದದವನು, ಕಾಲು ಕಡ್ಡಿಯಂತೆ ಸಣ್ಣ, ಆದ್ದರಿಂದ ಕೊಕ್ಕರೆ ಎಂದು ಹೆಸರು. ನಾಲ್ಕನೆಯ ದಿನ ಮಧ್ಯಾಹ್ನ ಅಧಿಕಾರಿ ಬಂದು ನಿಂತ. ಮುಗೀತಾ ಎಂದು ಎರಡು ಸಲ ಕೇಳಿದ. ಕೊನೆಯ ಮಾರಿನಲ್ಲಿ ಸಲಾಕೆಗೆ ಏನೋ ಗಟ್ಟಿಯಾದದ್ದು ತಗುಲಿತು. ಕಲ್ಲು ಎಂದು ಕೈಗೆ ಅನ್ನಿಸಿತು. ಕೆದಕಿ ನೋಡಬೇಕಾಗಿತ್ತು. ಬದುಕಿನಲ್ಲಿ ಅದೊಂದೇ ಸಲ ಅವನು ಅವಸರ ಮಾಡಿದ. ಎದ್ದು ನಿಂತು, ಮೊಣಕೈ ಕೊಡವಿ, ಅಧಿಕಾರಿ ಚಾಚಿದ ಕಾಗದಕ್ಕೆ ಸಹಿ ಹಾಕತೊಡಗಿದ. ಅವನ ಸಹಿಯೂ ನಿಧಾನವೇ. “ನಿಧಾನಪ್ಪ, ನೀನು ಹೆಸರು ಬರೆದು ಮುಗಿಸೋದ್ರೊಳಗೆ ನಾನು ಹೋಗಿ ನೀರು ಕುಡ್ಕೊಂಡು ಬರ್ತೀನಿ ಕಣೋ,” ಎಂದು ಕೊಕ್ಕರೆ ನಕ್ಕು, ಉದ್ದ ಕಾಲು ಹಾಕಿ ನಡೆದುಬಿಟ್ಟ. ತಡಿ, ನಾನು ಮೊದಲು ಎಂದು ಹೇಳಬೇಕಾಗಿತ್ತು. ಪೆನ್ನು ಕಾಗದದ ಮೇಲಿತ್ತು. ಸದ್ದು ಬಂದಾಗ ಅವನ ಹೆಸರಿನ ಕೊನೆಯ ಅಕ್ಷರ ಇನ್ನೂ ಬಾಕಿಯಿತ್ತು.

ಅವನು ‘ಇಲ್ಲವೇ ಇಲ್ಲ’ ಎಂದು ಒತ್ತಿದ.

ಇನ್ನೆರಡು ಪ್ರಶ್ನೆ ಕೇಳಿ ಯಂತ್ರ ನಿಂತಿತು. ಒಟ್ಟು ಹನ್ನೊಂದು. ನರ್ಸ್ ಪರದೆ ನೋಡಿದರು, ಅವನ ಮುಖ ನೋಡಿದರು, ಮತ್ತೆ ಪರದೆ ನೋಡಿದರು.

“ತೊಂದರೆ ಇರೋ ಸಾಧ್ಯತೆ ತೀರ ಕಡಿಮೆ ಅಂತ ಬಂದಿದೆ,” ಎಂದರು. “ಆದ್ರೆ ಒಂಬತ್ತನೇ ಪ್ರಶ್ನೆಗೆ ನಾಲ್ಕು ನಿಮಿಷ ತಗೊಂಡಿದೀರ. ಬಾಕಿ ಎಲ್ಲ ಐದೈದು ಸೆಕೆಂಡು.”

“ಕನ್ನಡಕ ತಂದಿಲ್ಲ ಸಿಸ್ಟರ್.”

“ಅದೊಂದು ಪ್ರಶ್ನೆಗೆ ಮಾತ್ರ ಬೇಕಾಯ್ತಾ?”

ಅವನು ನಕ್ಕ. ಅವರು ನಗಲಿಲ್ಲ. “ನೋಡಿ, ಇದಕ್ಕೆ ಗೊತ್ತಿರೋದು ನೀವು ಒತ್ತಿದ್ದು ಅಷ್ಟೆ,” ಎಂದರು. “ಯಾವಾಗ ಬೇಕಾದ್ರೂ ಮತ್ತೆ ಬನ್ನಿ. ಚೀಟಿ ಬೇಕಾಗಿಲ್ಲ, ಕಾಯೋದೂ ಬೇಕಾಗಿಲ್ಲ. ನನ್ನನ್ನ ಕೇಳಿ.”

ಪಕ್ಕದ ಕೋಣೆಯ ಡಾಕ್ಟರಿಗೆ ಆ ದಿನ ನಲವತ್ತು ಮಂದಿ. ನಾಲ್ಕು ಪ್ರಶ್ನೆ ಕೇಳಿ, ನಾಲ್ಕಕ್ಕೂ ಇಲ್ಲ ಎನ್ನಿಸಿಕೊಂಡು, ಸದ್ಯಕ್ಕೆ ಚಿಕಿತ್ಸೆ ಬೇಕಾಗಿಲ್ಲ ಎಂದು ಬರೆದು ತಲೆ ಎತ್ತದೆ ಸಹಿ ಹಾಕಿದರು. ಕೆಳಗೆ ನೀವೂ ಒಂದು ಸಹಿ ಹಾಕಿ ಎಂದರು. ಅವನು ಹಾಕಿದ. ಈ ಸಲ ಬೇಗ ಹಾಕಿದ.

ಕಾಗದದ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಹತ್ತು ನಿಮಿಷಕ್ಕೆ ಅವಳ ಫೋನು ಬಂತು. ಅಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು.

“ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ,” ಎಂದಳು ಆಮೇಲೆ. “ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀವಿ. ಅವಳ ಶಾಲೆ ಪರೀಕ್ಷೆ ಮುಗೀಲಿ. ಅವಳಿಗೆ ಹೇಳ್ಲಾ?”

“ಹೇಳು,” ಎಂದ.

ಮುಂದಿನ ಹದಿಮೂರು ದಿನ ಅವನು ಮೈ ಮುರಿದು ದುಡಿದ. ಗೇಟಿನಿಂದ ಬಾಗಿಲವರೆಗೆ ಹಳೆಯ ಚಪ್ಪಡಿ ಕಿತ್ತು ಹೊಸ ಟೈಲ್ಸ್ ಹಾಕಿದ. ಮಗಳಿಗೆ ಹಳದಿ ಇಷ್ಟವೆಂದು ಮೂರಕ್ಕೊಂದು ಹಳದಿ. ಮನೆಯೊಳಗೆ ಬಾಗಿಲುಗಳು ಗಾಳಿಗೆ ಬಡಿಯದಂತೆ ಚೌಕಟ್ಟಿಗೆ ರಬ್ಬರ್ ಬಡಿದ. ಕೈ ಜಾರಿದರೆ ಸದ್ದಾಗುವ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಸೇರಿಸಿದ. ಆಮೇಲೆ ತಾನು ಮಲಗುವ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಹಾಕಿದ. ಹೆಂಡತಿ ಕೇಳಿದರೆ, ಹಳೆಯದು ಕೆಟ್ಟಿತ್ತು ಎಂದು ಹೇಳುವುದು. ರಾತ್ರಿ ಮಲಗುವ ಮುಂಚೆ ಸುಮ್ಮನೆ ಹಾಕಿಬಿಡು ಎನ್ನುವುದು. ಹೀಗೆ ಒಂದೊಂದಕ್ಕೂ ಉತ್ತರ ಕಟ್ಟಿಟ್ಟುಕೊಂಡ. ಏನೂ ಇಲ್ಲದ ಮನುಷ್ಯನಿಗೆ ಹೊರಗಿನಿಂದ ಚಿಲಕ ಏತಕ್ಕೆ ಎಂಬ ಪ್ರಶ್ನೆ ಅವನ ತಲೆಗೆ ಬರಲಿಲ್ಲ ಎಂದಲ್ಲ. ಬಂತು. ಸ್ಕ್ರೂ ತಿರುಗಿಸುತ್ತಲೇ ಇದ್ದ.

ಆ ಹದಿಮೂರು ದಿನದಲ್ಲಿ ಎರಡು ಸಲ ಅವನು ಮಂಚದ ಕೆಳಗೆ ಎಚ್ಚರಗೊಂಡ. ಕೈಯಲ್ಲಿ ದಿಂಬು ಹರಿದುಹೋಗಿತ್ತು. ಹರಿದ ದಿಂಬುಗಳನ್ನು ಹೊರಗೆ ಒಯ್ದು ಸುಟ್ಟ.

ಭಾನುವಾರ ಹತ್ತು ಗಂಟೆಗೆ ಷಡ್ಡಕನ ಕೊರಿಯರ್ ವ್ಯಾನು ಗೇಟಿನ ಮುಂದೆ ನಿಂತಿತು. ಷಡ್ಡಕ ಬಾಯಿಬಡುಕ, ಮನಸ್ಸಿನಲ್ಲಿ ಕಪಟವಿಲ್ಲ. ಹುಟ್ಟುಹಬ್ಬದ ದಿನ ಇವನನ್ನು ಎಳೆದು ಬಿಡಿಸಿದ್ದಕ್ಕೆ ತಾನೇ ತಪ್ಪು ಮಾಡಿದವನ ಹಾಗೆ ಈಗ ಇನ್ನೂ ಎರಡು ಪಟ್ಟು ಮಾತಾಡುತ್ತಿದ್ದ.

“ಏನಪ್ಪ, ಪಾಸಾದೆಯಂತೆ. ನಮ್ಮ ವಂಶದಲ್ಲಿ ಪರೀಕ್ಷೆ ಪಾಸಾದೋನು ನೀನೊಬ್ಬನೇ. ಬಾ, ಈ ಚೀಲ ಹಿಡ್ಕೋ, ಕಲ್ಲು ತುಂಬಿಸಿದಾಳೆ ನಿನ್ನ ಹೆಂಡ್ತಿ.”

ಹೆಂಡತಿ ಇಳಿದಳು. ಕೆಂಪು ಅಂಚಿನ ಹೊಸ ಬಟ್ಟೆ ಹಾಕಿಕೊಂಡಿದ್ದಳು. ಅವನನ್ನು ನೋಡಿ ನಕ್ಕಳು. ಅವನು ಆ ನಗು ಕಂಡದ್ದು ಎರಡೂವರೆ ತಿಂಗಳ ಮೇಲೆ. ಹಿಂದೆಯೇ ಮಗಳು ನೆಗೆದಳು. ಎಡ ಹೆಗಲನ್ನು ಸ್ವಲ್ಪ ಮೇಲೆತ್ತಿ ಹಿಡಿದು ನಡೆಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಓಡಿ ಬಂದವಳು ಗೇಟಿನ ಹತ್ತಿರ ಗಕ್ಕನೆ ನಿಂತಳು. ಹೊಸ ಟೈಲ್ಸ್ ನೋಡಿದಳು, ಹಳದಿಗಳನ್ನು ಬೆರಳು ಮಾಡಿ ಎಣಿಸಿದಳು. ಒಳಗೆ ಕಾಲಿಡಲಿಲ್ಲ.

“ಬಾ ಒಳಗೆ, ಯಾಕೆ ನಿಂತೆ?” ಎಂದಳು ತಾಯಿ.

“ಅಪ್ಪ ಹಾಕಿದ್ದು ತಾನೆ? ಅಪ್ಪನೇ ಮೊದಲು ನಡೀಬೇಕು. ಆಮೇಲೆ ಬಾ ಅಂತಾರೆ. ಆಮೇಲೆ ನಾನು.”

ಅವನು ಬಾಗಿಲಲ್ಲಿ ನಿಂತಿದ್ದ. ಅಲ್ಲಿಂದ ಗೇಟಿಗೆ ಹದಿನಾಲ್ಕು ಹೆಜ್ಜೆ. ನಡೆದ. ಒಂದು ಟೈಲ್ಸೂ ಅಲುಗಲಿಲ್ಲ, ಒಂದರ ಕೆಳಗೂ ಟೊಳ್ಳಿಲ್ಲ. ಗೇಟಿನ ಹತ್ತಿರ ಬಂದು ಮಗಳ ಎದುರು ನಿಂತ. ಅವಳು ಒಂದು ಕಾಲು ಎತ್ತಿಕೊಂಡು, ಅವನ ಬಾಯನ್ನೇ ನೋಡುತ್ತ, ಆ ಒಂದು ಮಾತಿಗೆ ಕಾಯುತ್ತಿದ್ದಳು.

ಆ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾ ಎಂದರೆ ಸಾಕಾಗಿತ್ತು. ಬಾ ಎಂದರೆ ಅವಳು ಬರುತ್ತಾಳೆ, ಅವನು ಹೇಳಿದ್ದಾನೆ ಎಂಬ ಒಂದೇ ಕಾರಣಕ್ಕೆ ನಗುತ್ತ ಬರುತ್ತಾಳೆ. ಕೊಕ್ಕರೆಯೂ ನಗುತ್ತಲೇ ಹೋಗಿದ್ದ. ಅವನೂ ನಡೆದದ್ದು ಒಂದು ಸಹಿಯನ್ನು ನಂಬಿ.

“ಕಾಲು ಕೆಳಗಿಡು ಮಗಳೇ,” ಎಂದ ಅವನು. “ಅಲ್ಲೇ ನಿಲ್ಲು. ಒಳಗೆ ಬರಬೇಡ.”

ಷಡ್ಡಕ ಚೀಲ ಹೊತ್ತುಕೊಂಡೇ ನಿಂತ. ಹೆಂಡತಿಯ ನಗು ಇನ್ನೂ ಪೂರ್ತಿ ಮಾಸಿರಲಿಲ್ಲ. “ಏನಾಯ್ತು ರೀ?” ಎಂದಳು.

“ಆ ಕಾಗದ ಸುಳ್ಳು. ನಾನು ಸುಳ್ಳು ಒತ್ತಿದೆ.”

“ಯಾವುದಕ್ಕೆ?”

“ಎಲ್ಲದಕ್ಕೂ. ಅದು ಎಲ್ಲಿ ಹುಡುಕುತ್ತೆ ಅಂತ ನನಗೆ ಗೊತ್ತಾಗ್ತಿತ್ತು. ಅಲ್ಲಿ ಬಿಟ್ಟು ಬೇರೆ ಕಡೆ ತೋರಿಸ್ದೆ. ನಿದ್ದೆ ಸ್ವಲ್ಪ ಕಡಿಮೆ ಅಂದೆ. ನಿದ್ದೆ ಇಲ್ಲವೇ ಇಲ್ಲ. ಮಲಗಿದ್ರೆ ಎಲ್ಲಿ ಏಳ್ತೀನೋ ನನಗೇ ಗೊತ್ತಿರಲ್ಲ. ನನ್ನ ಕೋಣೆಗೆ ಹೊರಗಡೆಯಿಂದ ಚಿಲಕ ಹಾಕಿದೀನಿ, ಹೋಗಿ ನೋಡು.”

ಅವಳು ನೋಡಲು ಹೋಗಲಿಲ್ಲ. ಮಗಳ ಭುಜ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು, ಮೆತ್ತಗೆ, ಮೂಳೆ ಮುರಿದಿದ್ದ ಕಡೆ ಬಿಟ್ಟು.

“ನಮ್ಮ ಅಂಗಡಿಗೆ ಕಣ್ಣು ಪರೀಕ್ಷೆ ಹಲಗೆ ಮೇಲಿನ ಅಕ್ಷರ ಬಾಯಿಪಾಠ ಮಾಡ್ಕೊಂಡು ಬರೋ ಡ್ರೈವರುಗಳಿದಾರೆ,” ಎಂದಳು. “ಅವರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಯಾಕೆ ಅಂದ್ರೆ ಸಾಯೋದು ಅವರಲ್ಲ, ರಸ್ತೇಲಿ ಹೋಗ್ತಿರೋರು. ನಾನು ಅವಳನ್ನ ಕರ್ಕೊಂಡು ಬಂದಿದೀನಿ ರೀ. ಅಪ್ಪನಿಗೆ ಏನೂ ಇಲ್ವಂತೆ ಅಂತ ಹೇಳಿ ಕರ್ಕೊಂಡು ಬಂದಿದೀನಿ.”

ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಅವಳು ಷಡ್ಡಕನ ಕಡೆ ತಿರುಗಿ, “ಭಾವ, ಚೀಲ ವಾಪಸ್ ಇಡಿ,” ಎಂದಳು. ಬಾಯಿಬಡುಕ ಷಡ್ಡಕ ಅಂದು ಒಂದು ಮಾತೂ ಆಡದೆ ಚೀಲಗಳನ್ನು ವ್ಯಾನಿಗೆ ಹಾಕಿದ.

ಮಗಳಿಗೆ ಏನೂ ಅರ್ಥವಾಗಲಿಲ್ಲ. “ಅಪ್ಪ, ಇನ್ನೂ ಒಣಗಿಲ್ವಾ?” ಎಂದು ಕೇಳಿದಳು.

“ಇಲ್ಲ ಪುಟ್ಟಿ. ಇನ್ನೂ ಒಣಗಿಲ್ಲ.”

“ಎಷ್ಟು ದಿನ ಬೇಕು?”

“ಗೊತ್ತಿಲ್ಲ. ನಾನು ಹೇಳಿ ಕಳಿಸ್ತೀನಿ.”

ವ್ಯಾನಿನ ಬಾಗಿಲನ್ನು ಷಡ್ಡಕ ಸದ್ದಾಗದಂತೆ ಒತ್ತಿ ಮುಚ್ಚಿದ. ಆ ಒಂದು ಸಣ್ಣ ಎಚ್ಚರಿಕೆ ಕಂಡು ನಿಧಾನಪ್ಪನಿಗೆ ಅಳು ಬಂತು. ಅಲ್ಲೇ ಗೇಟು ಹಿಡಿದು, ಅಕ್ಕಪಕ್ಕದವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತ.

ಮರುದಿನ ಬೆಳಿಗ್ಗೆ ಮೂರನೆಯ ಮಹಡಿಗೆ ಹೋದ. ನರ್ಸ್ ಅವನನ್ನು ಕಂಡೊಡನೆ ಕಂಪ್ಯೂಟರ್ ತಂದು ಮುಂದಿಟ್ಟರು. ಪ್ರಶ್ನೆಗಳು ಬೇರೆಯೇ ಇದ್ದವು. ಮೊದಲನೆಯದಕ್ಕೆ ‘ಬಹಳ ಹೆಚ್ಚು’ ಎಂದು ಒತ್ತಿದ. ಎರಡನೆಯದಕ್ಕೂ ಅದನ್ನೇ ಒತ್ತಿದ. ಅಂದಿನ ಆ ಒಂಬತ್ತನೆಯ ಪ್ರಶ್ನೆ ಯಾವಾಗ ಬರುತ್ತದೋ ಎಂದು ಅವನು ಎದೆ ಗಟ್ಟಿ ಮಾಡಿಕೊಂಡು ಕುಳಿತಿದ್ದ. ಅದೊಂದಕ್ಕೆ ಸರಿಯಾದ ಉತ್ತರ ಕೊಡಬೇಕೆಂದೇ ಅವನು ಬೆಳಗಿನಿಂದ ಸಿದ್ಧನಾಗಿ ಬಂದಿದ್ದ.

ಆರು ಪ್ರಶ್ನೆ ಕೇಳಿ ಯಂತ್ರ ನಿಂತುಬಿಟ್ಟಿತು. ಹನ್ನೆರಡು ವರ್ಷ ಅವನು ಹೂತಿಟ್ಟುಕೊಂಡಿದ್ದನ್ನು ಕಂಡುಹಿಡಿಯಲು ಅದಕ್ಕೆ ಆರೇ ಸಾಕಾಯಿತು.

ನರ್ಸ್ ಪರದೆ ನೋಡಿ ತಲೆಯಾಡಿಸಿದರು. “ತೀವ್ರವಾಗಿದೆ ಅಂತ ತೋರಿಸ್ತಿದೆ,” ಎಂದರು. “ಡಾಕ್ಟರ್ ಹತ್ರ ಇವತ್ತೇ ಕಳಿಸ್ತೀನಿ. ಆದ್ರೆ ಕೂತು ಮಾತಾಡೋ ಚಿಕಿತ್ಸೆಗೆ ಸರದಿ ಇದೆ, ನಾಲ್ಕು ತಿಂಗಳಾದ್ರೂ ಆಗುತ್ತೆ. ವಾಸಿಯಾಗೋಕೆ ಎಷ್ಟು ದಿನ ಅಂತ ನಾನು ಸುಳ್ಳು ಹೇಳಲ್ಲ.”

“ಸಿಸ್ಟರ್, ಅದು ಒಂದು ಪ್ರಶ್ನೆ ಕೇಳಲೇ ಇಲ್ಲ.”

“ಅದಕ್ಕೆ ಸಾಕಾಯ್ತು, ನಿಲ್ಲಿಸ್ತು.”

“ನನಗೆ ಸಾಕಾಗಿಲ್ಲ.”

ಬಾಗಿಲ ಹೊರಗೆ ಬೆಂಚಿನಲ್ಲಿ ಏಳೆಂಟು ಮಂದಿ ಕಾಯುತ್ತಿದ್ದರು. ನರ್ಸ್ ಎದ್ದು ಹೋಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದರು. ಕಂಪ್ಯೂಟರನ್ನು ಮೇಜಿನ ಆಚೆ ಬದಿಗೆ ಸರಿಸಿ ಅವನ ಎದುರಿನ ಕುರ್ಚಿಯಲ್ಲಿ ಕುಳಿತರು.

“ನಾನು ಕೇಳ್ತೀನಿ, ಹೇಳಿ,” ಎಂದರು.

ಅವನು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡ.

“ಅವನು ಉದ್ದ ಇದ್ದ ಸಿಸ್ಟರ್,” ಎಂದ. “ಕಾಲು ಸಣ್ಣ. ಕೊಕ್ಕರೆ ಅಂತ ಕರೀತಿದ್ವಿ. ಅವತ್ತು ನಾನು ಮೊದಲು ನಡೀಬೇಕಾಗಿತ್ತು.”